ಬೋರ್ಡಮ್ಮನ ಬೆರಳು

ಆಸ್ಪತ್ರೆಯ ಮುನ್ನೂರ ನಲವತ್ತು ಒಳನಂಬರುಗಳೂ ಬೋರ್ಡಮ್ಮನ ನಾಲಿಗೆಯ ತುದಿಯಲ್ಲಿದ್ದವು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಎಕ್ಸ್‌ರೇ ಕೋಣೆಯದು ಇಷ್ಟು, ಹೆರಿಗೆ ವಾರ್ಡಿನದು ಇಷ್ಟು ಎಂದು ಹೇಳಿ ಮತ್ತೆ ಮಗ್ಗುಲು ಬದಲಿಸುವ ಹೆಂಗಸು ಅವಳು. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತೆರಡು ವರ್ಷ ಕೂತ ಮೇಲೆ, ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವ ಆಯಾವರೆಗೆ ಎಲ್ಲರಿಗೂ ಅವಳು ಬೋರ್ಡಮ್ಮನೇ. ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋದವು. ಆ ಸಂಗತಿಯನ್ನು ಅವಳು ಯಾವಾಗಲೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು, ಆದ್ದರಿಂದ ನಾವೂ ಅಷ್ಟಕ್ಕೇ ಮುಗಿಸೋಣ.

ಅವಳ ಕೋಣೆ ಇದ್ದದ್ದು ನೆಲಮಹಡಿಯ ಮೆಟ್ಟಿಲ ಕೆಳಗೆ. ಆಸ್ಪತ್ರೆ ಕಟ್ಟಿದವರು ಟೆಲಿಫೋನಿಗೆ ಜಾಗ ಬಿಡುವುದನ್ನೇ ಮರೆತು, ಕೊನೆಗೆ ಪೊರಕೆ ಬಕೆಟ್ಟುಗಳನ್ನು ಎತ್ತಂಗಡಿ ಮಾಡಿಸಿ ಕೊಟ್ಟ ಕೋಣೆ ಅದು. ಎತ್ತರದ ಮನುಷ್ಯರು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಎಂಥೆಂಥ ಸರ್ಜನ್ನುಗಳೂ ತನ್ನೆದುರು ತಲೆ ಬಾಗಿಸುತ್ತಾರೆಂದು ಬೋರ್ಡಮ್ಮ ಜಂಭ ಕೊಚ್ಚಿಕೊಳ್ಳುತ್ತಿದ್ದಳು. ಗಂಡ ಸಿಕ್ಕಿದ್ದೂ ಆ ಕೋಣೆಯ ತಂತಿಯಲ್ಲೇ. ತಾಯಿಯ ಮಂಡಿ ಆಪರೇಷನ್ನಿಗೆಂದು ಬಂದಿದ್ದ ಒಬ್ಬ ದರ್ಜಿ ದಿನಕ್ಕೆ ಎರಡು ಸಲ ಫೋನ್ ಮಾಡಿ, ಮೂಳೆ ವಾರ್ಡಿಗೆ ಕೊಡಿ ಎನ್ನುತ್ತಿದ್ದ. ತಾಯಿ ಮನೆಗೆ ಹೋಗಿ ವಾರ ಕಳೆದ ಮೇಲೂ ಮೂಳೆ ವಾರ್ಡಿಗೆ ಕೊಡಿ ಎಂದು ಫೋನ್ ಬಂದಾಗ, ಅಲ್ಲಿ ನಿಮ್ಮವರು ಯಾರೂ ಉಳಿದಿಲ್ಲವಲ್ಲ, ಯಾರಿಗೆ ಕೊಡಲಿ ಎಂದು ಅವಳೇ ಕೇಳಿದಳು. ಆ ಮಂಡಿಯ ಯಜಮಾನಿ ಈಗ ಅವಳ ಅತ್ತೆ. ಅವರ ಕಿವಿ ಸ್ವಲ್ಪ ಮಂದ. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬರಿಗೆ ಕಿವಿಯಿಲ್ಲ, ಜಗಳವಾಡಿದರೆ ಸಾಕ್ಷಿ ಹೇಳಲು ನಾನೊಬ್ಬನೇ ಎಂದು ದರ್ಜಿ ಗಿರಾಕಿಗಳ ಮುಂದೆ ನಗುತ್ತಿದ್ದ.

ಹಳೆಯ ಬೋರ್ಡು ಗಟ್ಟಿ ಜೀವ. ಸಾಲು ಸಾಲು ಗುಂಡಿಗಳು, ಕೈಯಾಡಿಸಿದರೆ ಗೊತ್ತಾಗಲೆಂದು ಅಲ್ಲಲ್ಲಿ ಅವಳೇ ಅಂಟಿಸಿಕೊಂಡ ಬಟ್ಟೆಯ ತುಣುಕುಗಳು. ಅದಕ್ಕೆ ಒಂದು ಕೆಟ್ಟ ಚಾಳಿ ಇತ್ತು. ಗುಂಡಿ ಒತ್ತಿ ತಕ್ಷಣ ಕೈ ತೆಗೆದರೆ ಕರೆ ಕಡಿದು ಬಿದ್ದುಹೋಗುತ್ತಿತ್ತು. ಆ ಕಡೆಯವರು ಫೋನ್ ಎತ್ತಿ ಹಲೋ ಎನ್ನುವವರೆಗೆ ಬೆರಳು ಗುಂಡಿಯ ಮೇಲೇ ಇರಬೇಕು. ಕೆಲಸ ಕಲಿಸಿದ ಹಿರಿಯ ಆಪರೇಟರಮ್ಮ ಮೊದಲ ತಿಂಗಳೆಲ್ಲ ಅವಳ ತೋರುಬೆರಳ ಮೇಲೆ ತನ್ನ ಬೆರಳಿಟ್ಟು, ಬಿಡಬೇಡ, ಇನ್ನೂ ಬಿಡಬೇಡ ಎಂದು ಒತ್ತಿ ಹಿಡಿದೇ ಕಲಿಸಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಆ ಬೆರಳ ತುದಿ ಸ್ವಲ್ಪ ಚಪ್ಪಟೆಯೇ ಆಗಿಹೋಗಿತ್ತು.

ಹೀಗಿರುವಾಗ ಒಂದು ಸೋಮವಾರ ಬೋರ್ಡನ್ನು ಕಿತ್ತು ಗೋಡೆಗೆ ಒರಗಿಸಿ, ಮೇಜಿನ ಮೇಲೆ ಕಂಪ್ಯೂಟರ್ ತಂದಿಟ್ಟರು. ಇನ್ನು ಮುಂದೆ ಕರೆಗಳೆಲ್ಲ ಅದರಲ್ಲೇ. ಕಿವಿಗೆ ಹೆಡ್‌ಫೋನ್, ಒಳನಂಬರು ಹೊಡೆದು ಕರೆ ವರ್ಗಾಯಿಸಲು ಎಫ್ ಎಂಟು ಎಂಬ ಕೀ. ಒಮ್ಮೆ ಒತ್ತಿದರೆ ಕರೆ ಆ ಕಡೆಗೆ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ಕತ್ತರಿಸುತ್ತದೆ. ಬೋರ್ಡಮ್ಮ ಕಂಪ್ಯೂಟರಿಗೆ ಹೆದರುವವಳಲ್ಲ. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅವಳ ಮನೆಯ ಕಂಪ್ಯೂಟರಿನಲ್ಲಿ ಆರು ವರ್ಷದಿಂದ ಇತ್ತು. ಅದು ತಾನಾಗಿ ಓದದಿದ್ದರೆ, ಇಂಥ ಕೀ ಒತ್ತಿದಾಗ ಇಂಥದ್ದನ್ನು ಓದು ಎಂದು ಅಪ್ಪಣೆ ಕೊಡುವ ಸ್ಕ್ರಿಪ್ಟು ಬರೆಯುವುದನ್ನೂ ಅವಳು ಕಲಿತಿದ್ದಳು. ಕಣ್ಣಿಲ್ಲದ ಒಬ್ಬ ಮೇಷ್ಟ್ರು ಭಾನುವಾರಗಳಂದು ಫೋನಿನಲ್ಲಿ ಪಾಠ ಮಾಡುತ್ತಿದ್ದರು. ಅವಳು ಬರೆದ ಮೊದಲ ಸ್ಕ್ರಿಪ್ಟು ಗಂಡನ ಅಳತೆ ಪುಸ್ತಕದ್ದು. ಒಂದು ಕೀ ಒತ್ತಿದರೆ ಗಿರಾಕಿಯ ಎದೆ, ಸೊಂಟ, ತೋಳು ಎಲ್ಲವನ್ನೂ ಯಂತ್ರ ಗಟ್ಟಿಯಾಗಿ ಒದರುತ್ತಿತ್ತು. ತುಂಬಿದ ಅಂಗಡಿಯಲ್ಲಿ ಎದುರುಮನೆಯಾಕೆಯ ಸೊಂಟದ ಸುತ್ತಳತೆ ಬೀದಿಗೆಲ್ಲ ಕೇಳಿಸಿದ ದಿನ, ನನ್ನ ಮಂದ ಕಿವಿಗೇ ಬಿತ್ತಲ್ಲೇ ಎಂದು ಅತ್ತೆ ತಲೆ ಚಚ್ಚಿಕೊಂಡಿದ್ದರು.

ಆದರೆ ಆಸ್ಪತ್ರೆಯ ಹೊಸ ಪ್ರೋಗ್ರಾಮಿನ ಮುಂದೆ ಸ್ಕ್ರೀನ್ ರೀಡರ್ ಬಾಯಿಗೆ ಬೀಗ ಹಾಕಿಕೊಂಡಿತು. ಆ ಪ್ರೋಗ್ರಾಮು ತನ್ನ ತೆರೆಯನ್ನು ಚಿತ್ರದಂತೆ ಬಿಡಿಸಿಕೊಳ್ಳುತ್ತಿತ್ತು, ಓದಲು ಅಕ್ಷರಗಳೇ ಇರಲಿಲ್ಲ. ಎಲ್ಲಿ ಕೈಯಾಡಿಸಿದರೂ ಖಾಲಿ, ಖಾಲಿ ಎನ್ನುತ್ತಿತ್ತು. ಬೋರ್ಡಮ್ಮನನ್ನು ಕೆಲವು ದಿನಗಳ ಮಟ್ಟಿಗೆ ಪಕ್ಕಕ್ಕೆ ಕೂರಿಸಿ, ನೋಂದಣಿ ಕೌಂಟರಿನ ಒಬ್ಬಳನ್ನು ಕರೆಗಳಿಗೆ ಹಾಕಿದರು.

ಸೂಪರಿಂಟೆಂಡೆಂಟ್ ಮೇಡಂ ಕೆಟ್ಟವರೇನಲ್ಲ. ರೋಗಿಗಳ ಜೀವ ತಮ್ಮ ತಲೆಯ ಮೇಲಿದೆ ಎಂದು ತಿಳಿದು ನಡೆಯುವವರು. ಬೋರ್ಡಮ್ಮನನ್ನು ಕರೆಸಿ, ಮೂರು ವಾರ ಸಮಯ ಕೊಡುತ್ತೇನೆ, ಮೂರನೇ ಶುಕ್ರವಾರ ನನ್ನೆದುರು ಐವತ್ತು ಕರೆ ತೆಗೆದುಕೊಳ್ಳಬೇಕು, ಒಂದು ಬಿದ್ದರೂ ಜಾಗ ಬದಲಿಸುತ್ತೇನೆ ಎಂದರು. ಬದಲಿ ಜಾಗವೆಂದರೆ ಸ್ಟೇಷನರಿ ಕೋಣೆಯ ಕುರ್ಚಿ. ಅಲ್ಲಿ ಕಾಗದದ ಕಟ್ಟುಗಳ ನಡುವೆ ಬೆಳಗ್ಗೆ ಬಂದು ಸಂಜೆ ಎದ್ದುಹೋಗುವುದು, ಕೆಲಸವೆಂದು ಏನೂ ಇಲ್ಲ. ಹೊರಡುವಾಗ ಮೇಡಂ ಕನಿಕರದಿಂದ, ಇದರಲ್ಲಿ ನಿಮ್ಮ ತಪ್ಪೇನಿಲ್ಲಮ್ಮ, ಕಣ್ಣಿನ ತೊಂದರೆ, ಯಾರೇನು ಮಾಡೋಕಾಗುತ್ತೆ ಎಂದರು. ಬೈದಿದ್ದರೆ ಬೋರ್ಡಮ್ಮ ಒಂದು ಲೋಟ ನೀರು ಕುಡಿದು ಮರೆತುಬಿಡುತ್ತಿದ್ದಳು. ಈ ಕನಿಕರ ಮೂರು ದಿನ ಗಂಟಲಲ್ಲಿ ಮುಳ್ಳಾಗಿ ನಿಂತಿತು. ಮುನ್ನೂರ ನಲವತ್ತು ನಂಬರು ತಲೆಯಲ್ಲಿಟ್ಟುಕೊಂಡು ಬಿಳಿ ಕಾಗದದ ಕಟ್ಟುಗಳ ಕಾವಲು ಕಾಯುವುದೆಂದರೆ ಅವಳ ಪಾಲಿಗೆ ಬದುಕಿದ್ದೂ ಇಲ್ಲದಂತೆ.

ಅವಳಿಗೆ ಜೊತೆಯಾದವನು ಕಂಪ್ಯೂಟರ್ ವಿಭಾಗದ ನಡುವಯಸ್ಸಿನ ಟೆಕ್ನೀಷಿಯನ್. ಯಾರು ಯಾವ ದೂರು ಹೇಳಿದರೂ ಮೊದಲು ಆಫ್ ಮಾಡಿ ಆನ್ ಮಾಡಿ ಎನ್ನುತ್ತಿದ್ದುದರಿಂದ ಆಸ್ಪತ್ರೆಯೆಲ್ಲ ಅವನನ್ನು ರೀಸ್ಟಾರ್ಟಪ್ಪ ಎಂದೇ ಕರೆಯುತ್ತಿತ್ತು. ಕೋಣೆಯಲ್ಲಿ ಹೊರಗಿನ ಲೈನಿಗೆ ಸೇರಿಸದ, ಅಭ್ಯಾಸಕ್ಕೆಂದು ಇಟ್ಟ ಇನ್ನೊಂದು ಕಂಪ್ಯೂಟರ್ ಇತ್ತು. ಕರೆ ಬಂದಂತೆ, ಹೋದಂತೆ ಅದರಲ್ಲಿ ಆಟವಾಡಬಹುದು. ಇಬ್ಬರೂ ಅದರ ಮುಂದೆ ಕೂತರು. ತಡಕಾಡಿದ ಮೇಲೆ ತೆರೆಯ ಒಂದು ಮೂಲೆಯಲ್ಲಿ ಮಾತ್ರ ಕರೆಯ ವಿವರ ಅಕ್ಷರವಾಗಿಯೇ ಇರುವುದು ಸಿಕ್ಕಿತು. ಬೋರ್ಡಮ್ಮನಿಗೆ ಅಷ್ಟು ಸಾಕು. ಎಫ್ ಎಂಟು ಒತ್ತಿದಾಗ ಆ ಮೂಲೆಯನ್ನು ಓದಿ, ಕರೆ ಯಾರಿಗೆ ಹೋಗುತ್ತಿದೆ ಎಂದು ಕಿವಿಯಲ್ಲಿ ಹೇಳು ಎಂದು ಸ್ಕ್ರಿಪ್ಟು ಬರೆದಳು.

ಒತ್ತಿದಳು. ರಕ್ತನಿಧಿ ಎಂದು ಸ್ಕ್ರೀನ್ ರೀಡರ್ ಸ್ಪಷ್ಟವಾಗಿ ಹೇಳಿತು. ಕರೆ ಮಾತ್ರ ಕದಲಲಿಲ್ಲ. ಮತ್ತೆ ಒತ್ತಿದರೂ ಅಷ್ಟೇ, ಹೇಳುವುದು ಹೇಳುತ್ತದೆ, ಕರೆ ಇದ್ದಲ್ಲೇ ಇರುತ್ತದೆ. ರೀಸ್ಟಾರ್ಟಪ್ಪ ತನ್ನ ಮಂತ್ರ ಹೇಳುವುದರೊಳಗೆ ಅವಳಿಗೆ ಹೊಳೆಯಿತು. ಸ್ಕ್ರಿಪ್ಟು ಬಾಗಿಲಲ್ಲಿ ನಿಂತ ಜವಾನನ ಹಾಗೆ. ಕೀಬೋರ್ಡಿನಿಂದ ಬಂದ ಕಾಗದವನ್ನು ಅವನು ಮೊದಲು ಕೈಗೆ ತೆಗೆದುಕೊಳ್ಳುತ್ತಾನೆ. ಒಳಗೆ ತಲುಪಿಸು ಎಂದು ಅವಳು ಹೇಳಿರಲಿಲ್ಲ, ಅವನು ಓದಿ ಜೇಬಿಗೆ ಹಾಕಿಕೊಂಡಿದ್ದ. ಆ ಕೀಯನ್ನು ಪ್ರೋಗ್ರಾಮಿಗೆ ಕಳಿಸು ಎಂದು ಇನ್ನೊಂದು ಸಾಲು ಸೇರಿಸಿದಳು. ಕರೆ ಹೋಯಿತು. ಬೋರ್ಡಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಗಿ, ಅಂದು ಸಂಜೆ ಗಂಡನ ಅಂಗಡಿಯಲ್ಲಿ ಕೂತು ಇಡೀ ಕಥೆಯನ್ನು ಎರಡು ಸಲ ಹೇಳಿದಳು.

ಎರಡನೇ ವಾರ ದಿನಕ್ಕೊಂದು ಗಂಟೆ ನಿಜವಾದ ಕರೆಗಳನ್ನು ಅವಳಿಗೆ ಕೊಟ್ಟರು. ಆಗ ಶುರುವಾಯಿತು ತಲೆಗೆ ಹುಳ ಬಿಡುವ ಕೆಲಸ. ಹತ್ತು ಕರೆ ಸರಿಯಾಗಿ ಹೋದರೆ ಹನ್ನೊಂದನೆಯದು ಬೀಳುತ್ತಿತ್ತು. ಸ್ಕ್ರೀನ್ ರೀಡರ್ ರಕ್ತನಿ ಎಂದು ಅರ್ಧಕ್ಕೇ ನಿಂತುಬಿಡುತ್ತಿತ್ತು, ಕಿವಿಯಲ್ಲಿ ಬರೀ ಮೌನ. ಅದೂ ಬೀಳುತ್ತಿದ್ದದ್ದು ಬೀಳಬಾರದ ಕರೆಗಳೇ. ಆಪರೇಷನ್ ಥಿಯೇಟರಿಗೆ ಕೊಟ್ಟದ್ದು, ರಕ್ತನಿಧಿಗೆ ಕೊಟ್ಟದ್ದು, ಆ ಕಡೆ ಕೈ ಖಾಲಿಯಿಲ್ಲದೆ ಫೋನ್ ಎತ್ತಲು ತಡಮಾಡುವ ಕಡೆಯವು. ಅವಸರದಲ್ಲಿ ಆಕೆ ಗಾಬರಿ ಬೀಳುತ್ತಾಳೆ ಎಂದು ಕಾರಿಡಾರಿನಲ್ಲಿ ಮಾತು ಹುಟ್ಟಿತು. ಇಪ್ಪತ್ತೆರಡು ವರ್ಷ ಅವಸರವನ್ನೇ ಊಟ ಮಾಡಿದವಳಿಗೆ ಗಾಬರಿಯಂತೆ.

ರೀಸ್ಟಾರ್ಟಪ್ಪ ಬಂದು ಅಭ್ಯಾಸದ ಯಂತ್ರದಲ್ಲಿ ತಾನೇ ಅರವತ್ತು ಸಲ ಎಫ್ ಎಂಟು ಒತ್ತಿದ. ಒಂದೂ ಬೀಳಲಿಲ್ಲ. ಕೀಬೋರ್ಡ್ ಬದಲಿಸಿದ, ತಂತಿ ಬದಲಿಸಿದ, ಆಫ್ ಮಾಡಿ ಆನ್ ಮಾಡಿದ. ಬೋರ್ಡಮ್ಮ ಕೂತು ಒತ್ತಿದಳು, ಏಳನೆಯದೇ ಬಿತ್ತು. ಅವನು ಒತ್ತಿದರೆ ಸರಿ, ಅವಳು ಒತ್ತಿದರೆ ತಪ್ಪು. ಕೊನೆಗೆ ಅವನು ಕೈಚೆಲ್ಲಿ, ನಿಮ್ಮ ಬೆರಳಲ್ಲೇ ಏನೋ ಇದೆ ಎಂದು ನಗೆಯಾಡಿದ. ಬೋರ್ಡಮ್ಮ ನಗಲಿಲ್ಲ. ಶುಕ್ರವಾರಕ್ಕೆ ಉಳಿದದ್ದು ಆರು ದಿನ.

ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿದ ಮೇಲೆ ಅವಳು ಮನೆಗೆ ಹೋಗಲಿಲ್ಲ. ಊಹಿಸಿ ಊಹಿಸಿ ಸಾಕಾಗಿತ್ತು, ಇನ್ನು ಕಿವಿಯಿಂದಲೇ ಹಿಡಿಯಬೇಕು ಎಂದು ಹಟ ಹಿಡಿದಳು. ಎಫ್ ಎಂಟಿಗಾಗಿ ಸ್ಕ್ರಿಪ್ಟು ಎಚ್ಚರವಾದಾಗಲೆಲ್ಲ ಒಂದು ಟಿಣ್ ಸದ್ದು ಮಾಡಲಿ ಎಂದು ಬರೆದಳು. ರೀಸ್ಟಾರ್ಟಪ್ಪನನ್ನು ಒತ್ತಲು ಹೇಳಿದಳು. ಅವನು ಬಿಸಿ ಹೆಂಚು ಮುಟ್ಟಿದವನಂತೆ ಮುಟ್ಟಿ ಕೈ ತೆಗೆದ. ಟಿಣ್. ಇನ್ನೊಮ್ಮೆ, ಟಿಣ್. ಆಮೇಲೆ ಅವಳು ಥಿಯೇಟರಿಗೆ ಕರೆ ಕೊಡುತ್ತಿದ್ದೇನೆ ಎಂದುಕೊಂಡೇ ಒತ್ತಿದಳು. ಟಿಣ್ ಎಂದಿತು. ಅರ್ಧ ಕ್ಷಣ ಬಿಟ್ಟು ಟಿಣ್ ಟಿಣ್ ಟಿಣ್ ಟಿಣ್ ಎಂದು ಗೆಜ್ಜೆ ಕಟ್ಟಿದಂತೆ ಸುರಿಯಿತು.

“ನಾನು ಒಂದೇ ಸಲ ಒತ್ತಿದ್ದು,” ಎಂದಳು ಬೋರ್ಡಮ್ಮ.

“ಒತ್ತಿದ್ದು ಒಂದೇ ಸಲ. ಆದ್ರೆ ನೀವಿನ್ನೂ ಬಿಟ್ಟೇ ಇಲ್ಲವಲ್ಲಮ್ಮ,” ಎಂದ ರೀಸ್ಟಾರ್ಟಪ್ಪ.

ಅವಳು ತನ್ನ ಬೆರಳ ಕಡೆ ಗಮನ ಕೊಟ್ಟಳು. ನಿಜ, ಅದು ಕೀಯ ಮೇಲೇ ಕೂತಿತ್ತು. ಆ ಕಡೆಯವರ ಹಲೋ ಕಾಯುತ್ತಿತ್ತು. ಬೋರ್ಡು ಗೋಡೆಗೆ ಒರಗಿ ವಾರಗಳಾದರೂ ಬೆರಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಕೀಯನ್ನು ಒತ್ತಿ ಹಿಡಿದರೆ ಕೀಬೋರ್ಡು ಅದೇ ಒತ್ತನ್ನು ಮತ್ತೆ ಮತ್ತೆ ಹೇಳುತ್ತಲೇ ಇರುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಷರದ ಮೇಲೆ ಬೆರಳು ಮರೆತರೆ ಸಾಲು ತುಂಬ ಅದೇ ಅಕ್ಷರ ಬರುವುದನ್ನು ಯಾರು ಕಂಡಿಲ್ಲ. ಹಾಗಾದರೆ ಪ್ರೋಗ್ರಾಮೇ ಪೆದ್ದೋ ಎಂದು ಸ್ಕ್ರಿಪ್ಟನ್ನು ನಿಲ್ಲಿಸಿ ಒತ್ತಿ ಹಿಡಿದು ನೋಡಿದಳು. ಎಷ್ಟು ಹೊತ್ತು ಹಿಡಿದರೂ ಕರೆ ಬೀಳಲಿಲ್ಲ ಎಂದು ರೀಸ್ಟಾರ್ಟಪ್ಪ ತೆರೆ ನೋಡಿ ಹೇಳಿದ. ಇದು ಹಿಡಿದಿರುವ ಬೆರಳು, ಹೊಸ ಒತ್ತಲ್ಲ ಎಂದು ಪ್ರೋಗ್ರಾಮಿಗೆ ಗೊತ್ತಾಗುತ್ತಿತ್ತು. ಗೊತ್ತಾಗದಿದ್ದದ್ದು ಅವಳ ಜವಾನನಿಗೆ. ಅವನು ಒಂದೇ ಕಾಗದವನ್ನು ಪ್ರತಿ ಸಲವೂ ಹೊಸ ಲಕೋಟೆಯಲ್ಲಿ ಹಾಕಿ ಒಳಗೆ ಓಡುತ್ತಿದ್ದ. ಎರಡನೇ ಲಕೋಟೆ ತಲುಪಿದ ಕ್ಷಣ ಕರೆ ಕತ್ತರಿಸುತ್ತಿತ್ತು.

ರೀಸ್ಟಾರ್ಟಪ್ಪನಿಗೆ ಭಾರ ಇಳಿದಂತಾಯಿತು. ಇಷ್ಟೇ ತಾನೇ, ಮೆಲ್ಲಗೆ ಮುಟ್ಟಿ ಬಿಡುವುದನ್ನು ಎರಡು ದಿನ ಅಭ್ಯಾಸ ಮಾಡಿಕೊಳ್ಳಿ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಐವತ್ತು ಕರೆಯ ಪರೀಕ್ಷೆಯಷ್ಟೇ ಆಗಿದ್ದರೆ ಅವಳೂ ಒಪ್ಪುತ್ತಿದ್ದಳೇನೋ.

“ಸುಮ್ಮನಿದ್ದಾಗ ಬೆರಳು ನನ್ನ ಮಾತು ಕೇಳುತ್ತೆ,” ಎಂದಳು. “ಯಾರದೋ ಜೀವ ಹೋಗ್ತಿದೆ ಅಂತ ಫೋನ್ ಬಂದಾಗ ಕೇಳಲ್ಲ. ಆಗ ಅದು ಹಿಡಿದೇ ಹಿಡಿಯುತ್ತೆ. ಹಿಡಿದರೂ ಬೀಳಬಾರದು, ಹಾಗೆ ಬರೀತೀನಿ.”

ಬರೆದಳು. ಕೀ ಒಮ್ಮೆ ಕೆಳಗೆ ಹೋದರೆ ನೆನಪಿಟ್ಟುಕೋ, ಅದು ಮೇಲೇಳುವ ತನಕ ಮತ್ತೆ ಬರುವ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡ. ಒಟ್ಟು ಐದು ಸಾಲು. ಇದಕ್ಕಿಂತ ನೇರವಾಗಿ ಯಾರು ಹೇಳಬಲ್ಲರು ಎಂದುಕೊಂಡು ಒತ್ತಿ ಹಿಡಿದರೆ, ಕರೆ ಮತ್ತೆ ಬಿತ್ತು. ಅಂದು ಅವಳು ಹಾಗೇ ಮನೆಗೆ ಹೋದಳು. ಊಟಕ್ಕೆ ಬಡಿಸಿದ ಅತ್ತೆ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದರು. ಕೈ ತೊಳೆದು ಬಂದು ಸೊಸೆಯ ತಲೆ ಸವರಿ, ನಿನ್ನ ಯಂತ್ರ ಏನಂತೆ ಎಂದು ಕೇಳಿದರು. ಹೇಳಿದ್ದು ಕೇಳುವುದಿಲ್ಲ ಎಂದಳು ಬೋರ್ಡಮ್ಮ. ನನ್ನ ಹಾಗೇ ಅನ್ನು ಎಂದು ಅತ್ತೆ ನಕ್ಕರು. ಅವಳಿಗೂ ನಗು ಬಂತು, ಎರಡು ತುತ್ತು ಹೆಚ್ಚೇ ಉಂಡಳು.

ಮನೆಯ ಕಂಪ್ಯೂಟರಿನಲ್ಲೂ ಅದೇ ಸ್ಕ್ರಿಪ್ಟನ್ನು ಹಾಕಿಕೊಂಡಿದ್ದಳು. ಭಾನುವಾರ ಬೆಳಗ್ಗೆ ಅದರ ಮುಂದೆ ಕೂತು, ಒಂದು ಸದ್ದು ಸಾಲದು, ಎರಡು ಬೇಕು ಎಂದು ತೀರ್ಮಾನಿಸಿದಳು. ಕೀ ಕೆಳಗೆ ಹೋದಾಗ ತೆಳು ದನಿ, ಮೇಲೆದ್ದಾಗ ದಪ್ಪ ದನಿ. ಎಫ್ ಎಂಟನ್ನು ಒತ್ತಿ, ಹಲ್ಲು ಕಚ್ಚಿ ಹಿಡಿದಳು. ತೆಳು ದನಿ ಬಂತು, ಸರಿ. ಅದರ ಬೆನ್ನಿಗೇ ಇನ್ನೊಂದು ತೆಳು, ಆಮೇಲೆ ದಪ್ಪ ದನಿಯೂ ಬಂತು. ಬೋರ್ಡಮ್ಮನ ಕಿವಿ ನಿಮಿರಿತು. ತನ್ನ ಬೆರಳು ಇನ್ನೂ ಕೆಳಗಿದೆ, ಎದ್ದವರು ಯಾರು?

ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದವನು ಜವಾನನೊಬ್ಬನೇ. ಸ್ಕ್ರಿಪ್ಟು ಕೀಯನ್ನು ಪ್ರೋಗ್ರಾಮಿಗೆ ಕಳಿಸುವಾಗ ತಾನೂ ಒಮ್ಮೆ ಒತ್ತಿದಂತೆ, ಒಮ್ಮೆ ಬಿಟ್ಟಂತೆ ನಟಿಸಿಯೇ ಕಳಿಸುತ್ತದೆ. ಆ ನಟನೆಯ ಬಿಡುವಿಕೆಯನ್ನು ಅದೇ ಕೇಳಿಸಿಕೊಂಡು, ಓಹೋ ಅಮ್ಮ ಬೆರಳು ತೆಗೆದಳು ಎಂದು ನಂಬಿ, ಕೀಬೋರ್ಡಿನ ಮುಂದಿನ ಪುನರುಕ್ತಿಯನ್ನು ಹೊಸ ಒತ್ತೆಂದು ಹಿಡಿಯುತ್ತಿತ್ತು. ತನ್ನ ಸದ್ದಿಗೆ ತಾನೇ ಮೋಸ ಹೋಗಿತ್ತು. ತಾನು ಕಳಿಸಿದ್ದು ಯಾವುದು, ಬೆರಳಿನಿಂದ ಬಂದದ್ದು ಯಾವುದು ಎಂದು ಗುರುತು ಮಾಡಿಕೊಳ್ಳಲು ಅವಳು ಎರಡು ಸಾಲು ಸೇರಿಸಿದಳು. ಮತ್ತೆ ಒತ್ತಿ ಹಿಡಿದಳು. ಅವಳ ಬೆರಳಿನದೆಂದು ಒಂದೇ ತೆಳು ದನಿ. ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು, ಏನೂ ಇಲ್ಲ. ಬೆರಳು ತೆಗೆದಳು. ಒಂದೇ ದಪ್ಪ ದನಿ. ಬೋರ್ಡಮ್ಮ ಎದ್ದು ಹೋಗಿ ಹೊಲಿಯುತ್ತ ಕೂತಿದ್ದ ಗಂಡನ ಕುತ್ತಿಗೆಯನ್ನು ಹಿಂದಿನಿಂದ ತಬ್ಬಿಕೊಂಡಳು. ಸೂಜಿ, ಸೂಜಿ ಎಂದು ಅವನು ಕೂಗಿಕೊಂಡ.

ಸೋಮವಾರ ಆ ಸಾಲುಗಳನ್ನು ಆಸ್ಪತ್ರೆಯ ಕಂಪ್ಯೂಟರಿಗೂ ಸೇರಿಸಿದಳು. ಶುಕ್ರವಾರ ಹತ್ತು ಗಂಟೆಗೆ ಮೇಡಂ ತಲೆ ತಗ್ಗಿಸಿ ಒಳಗೆ ಬಂದು, ಕುರ್ಚಿ ಬೇಡವೆಂದು ನಿಂತೇ ಇದ್ದರು. ಕೈಯಲ್ಲಿ ವರದಿಯ ಹಾಳೆ. ರೀಸ್ಟಾರ್ಟಪ್ಪ ಬಾಗಿಲಿಗೆ ಒರಗಿ ಉಗುರು ಕಚ್ಚುತ್ತಿದ್ದ. ಬೋರ್ಡಮ್ಮ ಹೆಡ್‌ಫೋನ್ ಹಾಕಿಕೊಂಡಳು. ಮೂಳೆ ವಾರ್ಡು, ಔಷಧಿ ಕೌಂಟರು, ಹೆರಿಗೆ ವಾರ್ಡು, ಮತ್ತೆ ಔಷಧಿ ಕೌಂಟರು. ಮೂವತ್ತಾರು ಕರೆ ನೀರು ಕುಡಿದಷ್ಟು ಸಲೀಸಾಗಿ ಹೋದವು.

ಮೂವತ್ತೇಳನೆಯದು ಆಪರೇಷನ್ ಥಿಯೇಟರಿನಿಂದ ಬಂತು. ರಕ್ತ ಸಾಲುತ್ತಿಲ್ಲ, ರಕ್ತನಿಧಿಗೆ ಬೇಗ ಕೊಡಿ ಎಂದಳು ನರ್ಸು. ಬೋರ್ಡಮ್ಮ ಎಫ್ ಎಂಟು ಒತ್ತಿದಳು. ಆ ಕಡೆ ಫೋನ್ ಬಾರಿಸಿತು. ಎರಡು ಸಲ, ಮೂರು ಸಲ. ಬೆರಳು ಅವಳನ್ನು ಒಂದು ಮಾತೂ ಕೇಳದೆ ಕೀಯನ್ನು ಒತ್ತಿ ಹಿಡಿದಿತ್ತು, ಉಗುರು ಬೆಳ್ಳಗಾಗುವಷ್ಟು. ರೀಸ್ಟಾರ್ಟಪ್ಪ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ. ನಾಲ್ಕು, ಐದು, ಆರು. ಏಳನೆಯದಕ್ಕೆ ಯಾರೋ ಓಡಿಬಂದವರ ಏದುಸಿರಿನಲ್ಲಿ ಹಲೋ ಎಂದರು. ನರ್ಸು ರಕ್ತದ ಗುಂಪು ಹೇಳಿದಳು, ಆ ಕಡೆಯವರು ಬರೆದುಕೊಂಡು ತಿರುಗಿ ಹೇಳಿದರು. ಅಷ್ಟಾದ ಮೇಲೆ ಬೆರಳು ತಾನಾಗಿ ಎದ್ದಿತು. ಉಳಿದ ಹದಿಮೂರು ಕರೆಗಳನ್ನು ಅವಳು ಹೇಗೆ ಮುಗಿಸಿದಳೋ ಅವಳಿಗೇ ನೆನಪಿಲ್ಲ, ಆದರೆ ಒಂದೂ ಬೀಳಲಿಲ್ಲ.

ಮೇಡಂ ಉಸಿರು ಬಿಟ್ಟರು. ಈ ಸೀಟು ನಿಮ್ಮದೇ ಎಂದು ಹೇಳಿ, ವರದಿ ತುಂಬಲು ಪೆನ್ನು ತೆಗೆದರು. ಇಷ್ಟು ದಿನ ಕರೆ ಬೀಳುತ್ತಿದ್ದದ್ದು ಯಂತ್ರದ ದೋಷ ಎಂದು ಬರೆಯಲೇ ಎಂದು ಕೇಳಿದರು. ರೀಸ್ಟಾರ್ಟಪ್ಪ ಸಂತೋಷದಿಂದ ಹೂಂಗುಟ್ಟಲು ಹೊರಟಿದ್ದ. ಯಂತ್ರದ ತಲೆಗೆ ಕಟ್ಟಿಬಿಟ್ಟರೆ ಎಲ್ಲರೂ ಕ್ಷೇಮ.

ಬೋರ್ಡಮ್ಮ ಹೆಡ್‌ಫೋನ್ ಕೆಳಗಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಲೋಟ ಬಿದ್ದರೂ, ಬಸ್ಸು ತಪ್ಪಿದರೂ, ಸಾರಿಗೆ ಉಪ್ಪು ಹೆಚ್ಚಾದರೂ ಜನ ಪಾಪ ಎಂದು ಕಣ್ಣಿನ ಮೇಲೆ ಹಾಕಿ ಮುಗಿಸಿದ್ದರು. ತಪ್ಪು ಮಾಡುವ ಹಕ್ಕೂ ತನಗಿಲ್ಲವೇನೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಈ ತಪ್ಪಾದರೋ ಕಲಿತವಳು ಮಾತ್ರ ಮಾಡಬಹುದಾದ ತಪ್ಪು. ಅದನ್ನು ಬರೆದವಳು ಅವಳು, ಬೆನ್ನಟ್ಟಿ ಹಿಡಿದವಳು ಅವಳು. ಈಗ ಅದನ್ನು ಯಾವುದೋ ಯಂತ್ರಕ್ಕೆ ಬಿಟ್ಟುಕೊಡಲು ಅವಳ ಎದೆ ಒಪ್ಪಲಿಲ್ಲ.

“ಯಂತ್ರ ಸರಿಯಾಗೇ ಇತ್ತು ಮೇಡಂ,” ಎಂದಳು. “ನಾನು ಬರೆದ ಸ್ಕ್ರಿಪ್ಟಲ್ಲಿ ತಪ್ಪಿತ್ತು. ನಾನೇ ಹುಡುಕಿ ಸರಿ ಮಾಡಿದೆ. ಕಣ್ಣಿರೋ ಇಂಜಿನಿಯರುಗಳೂ ಮಾಡೋ ತಪ್ಪು ಅದು. ನನ್ನದೇ ಅಂತ ಬರೆದುಕೊಳ್ಳಿ.”

ಮೇಡಂ ಬಗ್ಗಿ ಮೇಜಿನ ಅಂಚಿನ ಮೇಲೆ ಹಾಳೆಯಿಟ್ಟು, ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳುತ್ತ, ಅವಳು ಹೇಳಿದಂತೆಯೇ ಬರೆದರು.